ಹವಾಯಿ ರಾಣಿ ಲಿಲಿಯುವೊಕಲಾನಿ ಯುದ್ಧ ಮಾಡದೆ ಸಿಂಹಾಸನ ಬಿಟ್ಟದ್ದು ಯಾಕೆ?

ಹಳೇನಕ್ಷೆ

ಪೆಸಿಫಿಕ್ ಸಾಗರದ ದ್ವೀಪಗಳ ಇತಿಹಾಸ ಓದುವ ಹುಚ್ಚು ಹತ್ತಿದೆ. ಈಗ ಹವಾಯಿಯ ಕೊನೆಯ ರಾಣಿ ಲಿಲಿಯುವೊಕಲಾನಿ ಹತ್ತಿರ ಬಂದು ನಿಂತಿದ್ದೇನೆ. ಪಟ್ಟಕ್ಕೆ ಬಂದದ್ದು 1891ರ ಜನವರಿ 29. ಪಟ್ಟ ಹೋದದ್ದು 1893ರ ಜನವರಿ 17. ಪೂರಾ ಎರಡು ವರ್ಷವೂ ಆಳಲಿಲ್ಲ.

ಇಳಿಸಿದವರು ಹದಿಮೂರು ಜನರ ಒಂದು ಗುಂಪು. 'ಸುರಕ್ಷತಾ ಸಮಿತಿ' ಅಂತ ಹೆಸರಿಟ್ಟುಕೊಂಡಿದ್ದರು. ಹೆಚ್ಚಿನವರು ಅಮೆರಿಕ, ಯುರೋಪ್ ಮೂಲದ ವಕೀಲರು, ವ್ಯಾಪಾರಿಗಳು. ಅವರ ಬೆನ್ನಿಗೆ ಬಂದರಿನಲ್ಲಿದ್ದ ಅಮೆರಿಕದ ಯುದ್ಧನೌಕೆ 'ಬಾಸ್ಟನ್'. ಜನವರಿ 16ರ ಸಂಜೆ ಅದರಿಂದ 162 ಸೈನಿಕರು ಹೊನೊಲುಲುವಿನಲ್ಲಿ ಇಳಿದರು. ರಾಣಿ ಹತ್ತಿರವೂ ಅರಮನೆಯ ಕಾವಲುಪಡೆ ಇತ್ತು. ಪೊಲೀಸರಿದ್ದರು. ಫಿರಂಗಿಗಳಿದ್ದವು. ಊರಿನ ಜನ ಅವಳ ಕಡೆಗೇ ಇದ್ದರು. ಆದರೂ ಮಾರನೇ ದಿನ ಒಂದು ಕಾಗದಕ್ಕೆ ಸಹಿ ಹಾಕಿ ಬಿಟ್ಟುಕೊಟ್ಟಳು.

ಹೆದರಿದಳಾ? ಮೋಸಹೋದಳಾ? ಇಲ್ಲ, ಬೇರೇನಾದರೂ ಲೆಕ್ಕ ಇತ್ತಾ? ಓದಿಕೊಂಡವರು ಯಾರಾದರೂ ಹೇಳಿ.

ಕಾಫಿಪುಡಿ

ಮಧ್ಯೆ ಬಾಯಿ ಹಾಕ್ತಿದ್ದೇನೆ. ಹವಾಯಿ ಅಂದ್ರೆ ಅಮೆರಿಕದ ರಾಜ್ಯ ಅಲ್ವಾ? ಅದಕ್ಕೆ ರಾಣಿ ಎಲ್ಲಿಂದ ಬಂದಳು?

ಹಳೇನಕ್ಷೆ

ರಾಜ್ಯ ಆಗಿದ್ದು 1959ರಲ್ಲಿ. ಅದಕ್ಕೂ ಮೊದಲು ಅದು ಸ್ವಂತ ದೇಶ. ಮೊದಲನೇ ಕಮೆಹಮೆಹ ಅನ್ನೋ ರಾಜ 1810ರ ಹೊತ್ತಿಗೆ ಎಲ್ಲ ದ್ವೀಪಗಳನ್ನು ಒಂದೇ ಆಳ್ವಿಕೆಗೆ ತಂದ. 1840ರಲ್ಲೇ ಸಂವಿಧಾನ ಬಂತು. 1843ರಲ್ಲಿ ಬ್ರಿಟನ್, ಫ್ರಾನ್ಸ್ ಎರಡೂ ಅದನ್ನು ಸ್ವತಂತ್ರ ದೇಶ ಅಂತ ಬರವಣಿಗೆಯಲ್ಲಿ ಒಪ್ಪಿದವು. ಅಮೆರಿಕದ ಜೊತೆಗೂ ಒಪ್ಪಂದಗಳಿದ್ದವು. ಯಾವುದೋ ಮೂಲೆಯ ಕಾಡುದ್ವೀಪ ಅಂತ ತಿಳಿಯಬೇಡಿ. ಹೊನೊಲುಲುವಿನ ಇಯೊಲಾನಿ ಅರಮನೆಗೆ 1887ರಲ್ಲಿ ವಿದ್ಯುತ್ ದೀಪ ಬಂತು. ವಾಷಿಂಗ್ಟನ್ನಿನ ಶ್ವೇತಭವನಕ್ಕೆ ಬಂದದ್ದು ಅದಾದ ನಾಲ್ಕು ವರ್ಷಕ್ಕೆ.

ವಕೀಲರ_ಓಣಿ

ಹಳೇನಕ್ಷೆ ಸರ್, ನಿಮ್ಮ ಪ್ರಶ್ನೆಗೆ ಉತ್ತರ ಆ ಕಾಗದದಲ್ಲೇ ಇದೆ. ಅದನ್ನು ಎರಡು ಸಲ ಓದಬೇಕು.

ರಾಣಿ ಅಧಿಕಾರ ಬಿಟ್ಟದ್ದು ಸಮಿತಿಗೆ ಅಲ್ಲ. 'ಅಮೆರಿಕ ಸಂಯುಕ್ತ ಸಂಸ್ಥಾನದ ಮೇಲುಗೈ ಬಲಕ್ಕೆ ಮಣಿಯುತ್ತಿದ್ದೇನೆ' ಅಂತ ಬರೆಸಿದಳು. ಆ ದೇಶದ ರಾಯಭಾರಿ ಜಾನ್ ಸ್ಟೀವನ್ಸ್ ಸೈನ್ಯ ಇಳಿಸಿದ್ದಾನೆ ಅಂತ ಹೆಸರು ಹಿಡಿದು ಹೇಳಿದಳು. ಪ್ರಾಣಹಾನಿ ಆಗಬಾರದು ಅಂತ, ಪ್ರತಿಭಟನೆಯ ಮೇಲೆ ಮಣಿಯುತ್ತಿದ್ದೇನೆ ಅಂದಳು. ಅದೂ ಎಲ್ಲಿಯವರೆಗೆ? ಅಮೆರಿಕ ಸರ್ಕಾರ ನಡೆದದ್ದನ್ನೆಲ್ಲ ತಿಳಿದು, ತನ್ನ ಪ್ರತಿನಿಧಿ ಮಾಡಿದ್ದನ್ನು ರದ್ದು ಮಾಡಿ, ರಾಣಿಯನ್ನು ಮತ್ತೆ ಕೂರಿಸುವವರೆಗೆ.

ಈಗ ಮಜಾ ನೋಡಿ. ಹೊಸ ಸರ್ಕಾರದ ಮುಖ್ಯಸ್ಥನಾದ ಸ್ಯಾನ್‌ಫರ್ಡ್ ಡೋಲ್ ಅದೇ ಕಾಗದ ತಗೊಂಡು, ಹಿಂಬರಹದಲ್ಲಿ ಇಂಥ ದಿನ ಕೈಸೇರಿತು ಅಂತ ಬರೆದು ಸಹಿ ಹಾಕಿದ. ಅವನು ಹವಾಯಿಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾಗಿದ್ದವನು! ಇದರಲ್ಲಿ ಬರೆದದ್ದು ನಮಗೆ ಒಪ್ಪಿಗೆ ಇಲ್ಲ ಅಂತ ಒಂದು ಮಾತೂ ಸೇರಿಸಲಿಲ್ಲ. ಸಂಜೆಯೊಳಗೆ ಅರಮನೆ, ಠಾಣೆ, ಸೈನ್ಯದ ಬಿಡಾರ ಕೈಗೆ ಬಂದರೆ ಸಾಕು ಅನ್ನೋ ಆತುರ. ವರ್ಷದ ಕೊನೆಗೆ ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ತನ್ನ ಸಂಸತ್ತಿಗೆ ಬರೆದಾಗ ಇದೇ ಹಿಂಬರಹವನ್ನು ಎತ್ತಿ ತೋರಿಸಿದ.

ಇದಕ್ಕೊಂದು ಹಳೆಯ ಉದಾಹರಣೆಯೂ ಅವಳ ಮನಸ್ಸಿನಲ್ಲಿತ್ತು. 1843ರಲ್ಲಿ ಜಾರ್ಜ್ ಪಾಲೆಟ್ ಅನ್ನೋ ಬ್ರಿಟಿಷ್ ನೌಕಾಧಿಕಾರಿ ಹವಾಯಿಯನ್ನು ವಶ ಮಾಡಿಕೊಂಡಿದ್ದ. ಮೂರನೇ ಕಮೆಹಮೆಹ ಜಗಳಕ್ಕೆ ಹೋಗಲಿಲ್ಲ. ಪ್ರತಿಭಟಿಸಿ ಬಿಟ್ಟುಕೊಟ್ಟ, ಲಂಡನ್ನಿಗೆ ದೂರು ಕಳಿಸಿದ. ಐದು ತಿಂಗಳಿಗೆ ಅಡ್ಮಿರಲ್ ಥಾಮಸ್ ಬಂದು ಬಾವುಟ ವಾಪಸ್ ಏರಿಸಿದ. ಆಗ ಲಿಲಿಯುವೊಕಲಾನಿಗೆ ನಾಲ್ಕು ವರ್ಷ. ಆ ಕಥೆ ಕೇಳುತ್ತಲೇ ಬೆಳೆದವಳು. ಐವತ್ತು ವರ್ಷದ ಹಿಂದೆ ಫಲಿಸಿದ ದಾರಿಯನ್ನೇ ಹಿಡಿದಳು. ನನ್ನ ಪ್ರಕಾರ ಅದು ಹೆದರಿಕೆ ಅಲ್ಲ. ಅದು ಕೇಸು ಹಾಕಿದ್ದು.

ನೇರಮಾತು

ಚೆನ್ನಾಗಿ ಬರೆದಿದ್ದೀರಿ. ಆದರೆ ಕೇಸು ಸೋತಿತಲ್ಲ ಸ್ವಾಮಿ.

ರಾಣಿಯನ್ನು ದೇವತೆ ಮಾಡುವ ಮೊದಲು ಇನ್ನೊಂದು ಕಡೆಯನ್ನೂ ನೋಡೋಣ. ಜನವರಿ 14ರಂದು ಶಾಸನಸಭೆ ಮುಗಿಸಿ, ಅದೇ ದಿನ ಹೊಸ ಸಂವಿಧಾನ ಜಾರಿ ಮಾಡಲು ಹೊರಟಿದ್ದಳು. ಸ್ವಂತ ಮಂತ್ರಿಗಳೇ ಸಹಿ ಹಾಕಲು ಹಿಂಜರಿದರು. ಇದ್ದ ಸಂವಿಧಾನದ ಪ್ರಕಾರ ತಿದ್ದುಪಡಿ ಶಾಸನಸಭೆಯಿಂದ ಬರಬೇಕಿತ್ತು, ಅರಮನೆಯಿಂದ ಅಲ್ಲ. ಅದೇ ತಿಂಗಳು ಲೂಸಿಯಾನ ಲಾಟರಿ ಕಂಪನಿಗೆ ಪರವಾನಗಿ ಕೊಡುವ ಮಸೂದೆಗೂ, ಅಫೀಮು ಮಾರಾಟದ ಪರವಾನಗಿ ಮಸೂದೆಗೂ ಸಹಿ ಹಾಕಿದ್ದಳು. ಲಾಟರಿಯವರು ವರ್ಷಕ್ಕೆ 5 ಲಕ್ಷ ಡಾಲರ್ ಕೊಡುತ್ತೇವೆ ಅಂದಿದ್ದರು. ಪಾದ್ರಿಗಳ ಊರಿನಲ್ಲಿ ಇಂಥದ್ದಕ್ಕೆಲ್ಲ ಸಹಿ ಹಾಕಿ, ಆಮೇಲೆ ಶತ್ರುಗಳು ಹುಟ್ಟಿಕೊಂಡರು ಅಂದ್ರೆ?

ಕಬ್ಬಿನಗದ್ದೆ

ನೇರಮಾತು ಅವರೇ, ಆ 5 ಲಕ್ಷ ಡಾಲರ್ ಯಾಕೆ ಬೇಕಾಗಿತ್ತು ಅಂತಲೂ ಕೇಳಿ. ಇಡೀ ಕಥೆಯ ಬುಡದಲ್ಲಿರೋದು ಸಕ್ಕರೆ. ನಮ್ಮದು ಕಬ್ಬು ಬೆಳೆಯುವ ಮನೆತನ. ಹಾಗಾಗಿ ನಾನು ಓದಿದ್ದೂ ಅದನ್ನೇ.

1875ರಲ್ಲಿ ಅಮೆರಿಕದ ಜೊತೆ ಒಪ್ಪಂದ ಆಯಿತು. ಹವಾಯಿ ಸಕ್ಕರೆಗೆ ಅಲ್ಲಿ ಸುಂಕ ಇಲ್ಲ. ಹದಿನೈದು ವರ್ಷದಲ್ಲಿ ರಫ್ತು ಸುಮಾರು ಹತ್ತು ಪಟ್ಟು ಏರಿತು. ಗುಡ್ಡದ ನೀರು ಕಾಲುವೆಯಲ್ಲಿ ಗದ್ದೆಗೆ ಹೋಯಿತು. ಚೀನಾ, ಪೋರ್ಚುಗಲ್, ಜಪಾನ್‌ನಿಂದ ಕೂಲಿಗಳು ಬಂದರು. ದುಡ್ಡು ಯಾರ ಕೈಗೆ ಹೋಯಿತು ಅಂತ ಹೇಳಬೇಕಿಲ್ಲ. 1887ರಲ್ಲಿ ಒಪ್ಪಂದ ಮುಂದುವರಿಸುವಾಗ ಅಮೆರಿಕ ಪರ್ಲ್ ಹಾರ್ಬರ್ ಬಳಸುವ ಹಕ್ಕನ್ನು ಬರೆಸಿಕೊಂಡಿತು.

ಅಷ್ಟರಲ್ಲಿ ಅಮೆರಿಕದಲ್ಲಿ 1890ರ ಮೆಕಿನ್ಲಿ ಸುಂಕ ಕಾಯ್ದೆ ಬಂತು. ಎಲ್ಲ ದೇಶಗಳ ಸಕ್ಕರೆಗೂ ಸುಂಕ ತೆಗೆದರು. ಜೊತೆಗೆ ಅಮೆರಿಕದೊಳಗೆ ಬೆಳೆದ ಸಕ್ಕರೆಗೆ ಪೌಂಡಿಗೆ 2 ಸೆಂಟ್ ಪ್ರೋತ್ಸಾಹಧನ. ಹವಾಯಿಯ ಅನುಕೂಲ ಒಂದೇ ಏಟಿಗೆ ಹೋಯಿತು, ದರ ಬಿತ್ತು, ಖಜಾನೆ ಒಣಗಿತು. ಹೊಸ ದರ ಜಾರಿಗೆ ಬಂದದ್ದು 1891ರಲ್ಲಿ. ಅಂದ್ರೆ ಪಟ್ಟಕ್ಕೆ ಕೂತ ಕೆಲವೇ ತಿಂಗಳಿಗೆ ಈಕೆಯ ತಲೆ ಮೇಲೆ ಇದು ಬಿತ್ತು.

ತೋಟದ ಮಾಲೀಕರಲ್ಲಿ ಕೆಲವರಿಗೆ ಹೊಳೆದ ಉಪಾಯ ಸರಳ. ಹವಾಯಿಯೇ ಅಮೆರಿಕ ಆಗಿಬಿಟ್ಟರೆ ಆ 2 ಸೆಂಟ್ ನಮಗೂ ಸಿಗುತ್ತೆ! ಎಲ್ಲ ಮಾಲೀಕರೂ ಹಾಗೆ ಯೋಚಿಸಲಿಲ್ಲ, ಅದನ್ನೂ ಹೇಳಬೇಕು. ಅಮೆರಿಕ ಸೇರಿದರೆ ಅಲ್ಲಿನ ಕಾನೂನಿನಿಂದ ಏಷ್ಯಾದ ಕೂಲಿಗಳು ಬರುವುದು ನಿಲ್ಲುತ್ತೆ ಅಂತ ಕೆಲವರಿಗೆ ಭಯ ಇತ್ತು. ಅಫೀಮು, ಲಾಟರಿ ನೆಪಗಳು ಬಿಡಿ.

ಕಾಫಿಪುಡಿ

ಡೋಲ್ ಅಂದ್ರೆ ಆ ಅನಾನಸ್ ಡಬ್ಬಿಯ ಡೋಲಾ?

ಕಬ್ಬಿನಗದ್ದೆ

ಅಲ್ಲ, ಆದರೆ ಮನೆತನ ಒಂದೇ. ಅನಾನಸ್ ಡೋಲ್ ಅಂದ್ರೆ ಜೇಮ್ಸ್ ಡೋಲ್, ಇವನ ಸಂಬಂಧಿ. ಅವನು ಹವಾಯಿಗೆ ಬಂದದ್ದು 1899ರಲ್ಲಿ. ಅಷ್ಟೊತ್ತಿಗೆ ಅಡುಗೆ ಎಲ್ಲ ಆಗಿ ಬಡಿಸಿದ್ದೂ ಆಗಿತ್ತು.

ವಕೀಲರ_ಓಣಿ

ನೇರಮಾತು ಅವರ ಸಂವಿಧಾನದ ಪ್ರಶ್ನೆಗೆ ಬರುತ್ತೇನೆ. ಅವಳು ಬದಲಿಸಲು ಹೊರಟ ಆ ಸಂವಿಧಾನ ಹೇಗೆ ಬಂತು? 1887ರಲ್ಲಿ ಅವಳ ಅಣ್ಣ ಕಲಾಕೌವಾ ರಾಜ. ಲೊರಿನ್ ಥರ್ಸ್ಟನ್ (ಮುಂದೆ ಸುರಕ್ಷತಾ ಸಮಿತಿಯ ಮುಂದಾಳಾದ ವಕೀಲ) ಮತ್ತು ಅವನ ಕಡೆಯವರು ಸ್ವಂತ ಬಂದೂಕು ಪಡೆ ಬೆನ್ನಿಗಿಟ್ಟುಕೊಂಡು ರಾಜನ ಕೈಯಲ್ಲಿ ಸಹಿ ಹಾಕಿಸಿದರು. ಅದಕ್ಕೇ ಅದರ ಹೆಸರು 'ಬಯೋನೆಟ್ ಸಂವಿಧಾನ'; ಬಯೋನೆಟ್ ಅಂದ್ರೆ ಬಂದೂಕಿನ ತುದಿಯ ಕತ್ತಿ. ಶಾಸನಸಭೆಯಲ್ಲಿ ಚರ್ಚೆ ಇಲ್ಲ, ಜನರ ಮತ ಇಲ್ಲ. ಮೇಲ್ಮನೆಗೆ ಮತ ಹಾಕಬೇಕಾದರೆ 3,000 ಡಾಲರ್ ಆಸ್ತಿ ಇಲ್ಲವೇ ವರ್ಷಕ್ಕೆ 600 ಡಾಲರ್ ವರಮಾನ ಇರಬೇಕು. ಬಹುಪಾಲು ಹವಾಯಿ ಜನ ಅಲ್ಲೇ ಹೊರಬಿದ್ದರು. ಏಷ್ಯಾದವರಿಗೆ ಮತವೇ ಇಲ್ಲ. ಆದರೆ ಹವಾಯಿಯ ಪ್ರಜೆಯೇ ಅಲ್ಲದ ಅಮೆರಿಕನ್ನರು, ಯುರೋಪಿಯನ್ನರು ಅಲ್ಲಿ ವಾಸ ಇದ್ದರೆ ಸಾಕು, ಮತ ಹಾಕಬಹುದು!

ಈ ಸಂವಿಧಾನ ಬದಲಿಸಿ ಅಂತ ರಾಣಿಗೆ ಅರ್ಜಿ ಕೊಟ್ಟವರು ಸುಮಾರು 6,500 ಮತದಾರರು. ಇದ್ದ ಮತದಾರರೇ 9,500. ಮೂರರಲ್ಲಿ ಎರಡು ಪಾಲು! ಇನ್ನೇನು ಮಾಡಬೇಕಿತ್ತು?

ಅದೂ ಅಲ್ಲದೆ ಮಂತ್ರಿಗಳು ಒಪ್ಪಲಿಲ್ಲ ಅಂದಾಗ ನಿಲ್ಲಿಸಿದಳು. ಜನವರಿ 16ರಂದು, ಇನ್ನು ಮುಂದೆ ಸಂವಿಧಾನ ಹೇಳುವ ದಾರಿಯಲ್ಲೇ ಬದಲಾವಣೆ ಅಂತ ಪ್ರಕಟಣೆಯನ್ನೂ ಹೊರಡಿಸಿದಳು. ಸೈನಿಕರು ಇಳಿದದ್ದು ಅದೇ ಸಂಜೆ.

ನೇರಮಾತು

ಅರ್ಜಿ ಇದ್ದದ್ದು ನಿಜ. ಆದರೆ ಅವಳ ಕರಡಿನಲ್ಲಿ ಸಿಂಹಾಸನಕ್ಕೂ ಅಧಿಕಾರ ಹೆಚ್ಚಾಗುತ್ತಿತ್ತು. ಮಂತ್ರಿಗಳು ರಾಣಿಯ ಇಷ್ಟ ಇರುವವರೆಗೆ ಮಾತ್ರ. ಬರೀ ಜನರಿಗಾಗಿ ಅಂತ ಬಣ್ಣ ಬಳಿಯುವುದು ಬೇಡ, ಅಷ್ಟೇ ನನ್ನ ಮಾತು. ಇನ್ನೊಂದು: ಕೆಲಸ ಶುರು ಮಾಡುವ ಮೊದಲು ಮಂತ್ರಿಗಳು ಗಟ್ಟಿ ಇದ್ದಾರಾ ಅಂತ ನೋಡಿಕೊಳ್ಳಬೇಡವೇ? ಅವರಲ್ಲಿ ಇಬ್ಬರು ಅರಮನೆಯಿಂದ ಹೊರಗೆ ಬಂದು ಸುದ್ದಿ ಮುಟ್ಟಿಸಿದ್ದು ಥರ್ಸ್ಟನ್‌ನ ಗುಂಪಿಗೇ.

ವಕೀಲರ_ಓಣಿ

ಆ ಮಾತು ಒಪ್ಪುತ್ತೇನೆ. ಮಂತ್ರಿಗಳ ಆಯ್ಕೆಯಲ್ಲಿ ಅವಳಿಗೆ ಅದೃಷ್ಟವೂ ಇರಲಿಲ್ಲ, ಕೈಯೂ ಇರಲಿಲ್ಲ. 1892ರ ಶಾಸನಸಭೆ ಒಂದಾದ ಮೇಲೊಂದು ಮಂತ್ರಿಮಂಡಲವನ್ನು ಬೀಳಿಸುತ್ತಲೇ ಇತ್ತು.

ಸೂಜಿದಾರ

ಎಲ್ಲರೂ 1893ಕ್ಕೇ ಅಂಟಿಕೊಂಡಿದ್ದೀರಿ. ಆ ಹೆಣ್ಣುಮಗಳ ಬದುಕು ಸ್ವಲ್ಪ ನೋಡಿ, ಆಗ ಅವರ ನಡೆ ಅರ್ಥ ಆಗುತ್ತೆ.

ಹುಟ್ಟಿದ್ದು 1838ರ ಸೆಪ್ಟೆಂಬರ್ 2. ಹುಟ್ಟಿದ ಕೂಡಲೇ ಪಾಕಿ ಮತ್ತು ಕೋನಿಯಾ ಎಂಬ ದೊಡ್ಡ ಮನೆತನದ ದಂಪತಿಗೆ ಸಾಕಲು ಕೊಟ್ಟರು. ಅಲ್ಲಿನ ಅರಸು ಮನೆಗಳಲ್ಲಿ ಅದು ಸಹಜ ಪದ್ಧತಿ, ಮನೆ ಮನೆಯ ನಂಟು ಗಟ್ಟಿ ಆಗಲಿ ಅಂತ. ಪಾಕಿಯ ಸ್ವಂತ ಮಗಳು ಬರ್ನೀಸ್ ಪೌವಾಹಿ ಇವರ ಅಕ್ಕ ಆದಳು. ನಾಲ್ಕನೇ ವಯಸ್ಸಿಗೆ ಅರಸು ಮಕ್ಕಳ ವಸತಿ ಶಾಲೆ, ಅಮೆರಿಕದ ಪಾದ್ರಿ ದಂಪತಿ ನಡೆಸುತ್ತಿದ್ದದ್ದು. ರಾತ್ರಿ ಊಟಕ್ಕೆ ಕಾಕಂಬಿ ಸವರಿದ ದಪ್ಪ ಬ್ರೆಡ್ಡು, ಹಸಿದ ಹೊಟ್ಟೆಯಲ್ಲೇ ಮಲಗುತ್ತಿದ್ದೆವು ಅಂತ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು. ಆದರೆ ಇಂಗ್ಲಿಷು, ಸಂಗೀತದ ಸ್ವರಲಿಪಿ ಎರಡೂ ಬಂದದ್ದು ಅಲ್ಲಿಂದಲೇ.

1862ರಲ್ಲಿ ಜಾನ್ ಡೊಮಿನಿಸ್ ಜೊತೆ ಮದುವೆ. ಅಮೆರಿಕದಲ್ಲಿ ಹುಟ್ಟಿದವನು. 'ವಾಷಿಂಗ್ಟನ್ ಪ್ಲೇಸ್' ಅನ್ನೋ ಅವನ ಮನೆಗೆ ಸೊಸೆಯಾಗಿ ಹೋದರು. ಅತ್ತೆಗೆ ಈ ಸೊಸೆ ಬಹಳ ಕಾಲ ಹಿಡಿಸಲಿಲ್ಲ. ಮಕ್ಕಳಾಗಲಿಲ್ಲ, ಸಾಕಿಕೊಂಡರು. ರಾಣಿಯಾದ ವರ್ಷವೇ, ಆಗಸ್ಟ್‌ನಲ್ಲಿ, ಗಂಡ ತೀರಿಕೊಂಡ. ಜನವರಿಯಲ್ಲಿ ಅಣ್ಣ ಹೋಗಿದ್ದ. ಅಣ್ಣ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡ ಸುದ್ದಿ ಗೊತ್ತಾದದ್ದೂ ಹೇಗೆ ಅಂತೀರಿ? ರಾಜನನ್ನು ಕರೆತರುವ ಹಡಗು ಅಂತ ಊರೆಲ್ಲ ತೋರಣ ಕಟ್ಟಿ ಕಾಯುತ್ತಿತ್ತು. ಹಡಗು ಬಾವುಟ ಅರ್ಧಕ್ಕೆ ಇಳಿಸಿಕೊಂಡು ಬಂತು. ಅದೇ ದಿನ ಇವರ ಕೈಯಲ್ಲಿ ಪ್ರಮಾಣ ಮಾಡಿಸಿದರು, ಇದೇ ಬಯೋನೆಟ್ ಸಂವಿಧಾನದ ಹೆಸರಿನಲ್ಲಿ. ಅಳುವುದಕ್ಕೂ ಬಿಡಲಿಲ್ಲ.

ಆಳುವ ಅನುಭವ ಇರಲಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. 1881ರಲ್ಲಿ ಅಣ್ಣ ಲೋಕ ಸುತ್ತಲು ಹೋದಾಗ ರಾಜ್ಯ ನೋಡಿಕೊಂಡವರು ಇವರೇ. ಆಗಲೇ ಸಿಡುಬು ಬಂತು. ದ್ವೀಪದಿಂದ ದ್ವೀಪಕ್ಕೆ ಹಡಗು ಓಡಾಟ ನಿಲ್ಲಿಸಿಬಿಟ್ಟರು. ವ್ಯಾಪಾರಿಗಳು ಗೊಣಗಿದರು. ರೋಗ ಬಹುಮಟ್ಟಿಗೆ ಒವಾಹು ದ್ವೀಪದೊಳಗೇ ನಿಂತಿತು.

ಹಳೇನಕ್ಷೆ

ಆ ಲೋಕ ಸುತ್ತಾಟದಲ್ಲಿ ಕಲಾಕೌವಾ ನಮ್ಮ ಕಡೆಗೂ ಬಂದಿದ್ದ. ಜಪಾನ್, ಚೀನಾ, ಸಿಯಾಮ್, ಬರ್ಮಾ ಮುಗಿಸಿ ಕಲ್ಕತ್ತೆಗೆ ಇಳಿದು, ರೈಲಿನಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿಂದ ಈಜಿಪ್ಟ್ ಕಡೆ ಹಡಗು ಹತ್ತಿದ. ತೋಟಗಳಿಗೆ ಕೂಲಿಗಳು ಎಲ್ಲಿ ಸಿಗುತ್ತಾರೆ ಅಂತ ನೋಡುವುದೂ ಪ್ರವಾಸದ ಒಂದು ಉದ್ದೇಶ. ಫಿಜಿಗೆ 1879ರಿಂದ ಭಾರತದ ಗಿರಮಿಟಿಯಾಗಳು, ಅಂದ್ರೆ ಕರಾರಿನ ಕೂಲಿಗಳು, ಹೋದರಲ್ಲ, ಹವಾಯಿಗೆ ಹಾಗೆ ಆಗಲಿಲ್ಲ. ಅಲ್ಲಿಗೆ 1885ರಿಂದ ಜಪಾನೀಯರು ದೊಡ್ಡ ಸಂಖ್ಯೆಯಲ್ಲಿ ಹೋದರು.

ತಂತಿವಾದ್ಯ

ರಾಣಿಯ ಹಾಡುಗಳ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ! ನೂರೈವತ್ತಕ್ಕೂ ಹೆಚ್ಚು ಹಾಡು ಕಟ್ಟಿದವಳು. 'ಅಲೋಹಾ ಓಎ' ಅವಳದ್ದೇ. ಕಳೆದುಹೋದ ರಾಜ್ಯಕ್ಕೆ ಹಾಡಿದ ವಿದಾಯ ಅಂತ ಎಲ್ಲೆಲ್ಲೂ ಬರೆಯುತ್ತಾರೆ. ಅಲ್ಲವೇ ಅಲ್ಲ. ಅದು 1878ರ ಹಾಡು. ಮೌನವಿಲಿ ಅನ್ನೋ ಕಡೆ ಒಂದು ತೋಟದ ಮನೆಯಿಂದ ಕುದುರೆ ಮೇಲೆ ವಾಪಸ್ ಹೊರಟಾಗ ಇಬ್ಬರು ಪ್ರೇಮಿಗಳು ಬೀಳ್ಕೊಡುವುದನ್ನು ನೋಡಿ ದಾರಿಯಲ್ಲೇ ಗುನುಗಿದ್ದು. ಹದಿನೈದು ವರ್ಷ ಆದ ಮೇಲೆ ರಾಜ್ಯ ಹೋಯಿತು. ಜನ ಆ ಹಾಡಿಗೆ ಈ ದುಃಖವನ್ನು ಜೋಡಿಸಿಕೊಂಡರು.

ಸೂಜಿದಾರ ಮೇಡಂ ಹೇಳಿದ ಸಾಕು ಅಕ್ಕ ಪೌವಾಹಿ ಇದ್ದಾಳಲ್ಲ, ಅವಳ ಉಯಿಲಿನಿಂದ 1887ರಲ್ಲಿ ಕಮೆಹಮೆಹ ಶಾಲೆ ಶುರುವಾಯಿತು. ಅಲ್ಲಿ ಓದಿದ ಜೋಸೆಫ್ ಕೆಕುಕು ಅನ್ನೋ ಹುಡುಗನೇ ಗಿಟಾರನ್ನು ತೊಡೆ ಮೇಲೆ ಅಡ್ಡ ಇಟ್ಟು, ತಂತಿ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಕ್ರಮಕ್ಕೆ ಕಾರಣ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಭಾರತದಿಂದ ಬಂದ ಗೇಬ್ರಿಯಲ್ ಡೇವಿಯನ್ ಅನ್ನೋನು ಮೊದಲೇ ನುಡಿಸುತ್ತಿದ್ದ ಅನ್ನೋ ವಾದವೂ ಇದೆ. ಮುಂದೆ ಆ ಹವಾಯಿಯನ್ ಗಿಟಾರು ಕಲ್ಕತ್ತೆಗೆ ಬಂತು, ಸಿನಿಮಾ ಹಾಡುಗಳಿಗೆ ಬಂತು, ಕೊನೆಗೆ ವಿಶ್ವಮೋಹನ ಭಟ್ಟರ ಕೈಯಲ್ಲಿ ಮೋಹನವೀಣೆ ಆಯಿತು. ಗೋಟುವಾದ್ಯ ಕೇಳಿದ ಕಿವಿಗೆ ಅದು ಹೊಸದು ಅನ್ನಿಸುವುದೇ ಇಲ್ಲ.

ನಿರ್ವಾಹಕರು

ಗಿಟಾರ್ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ರಾಣಿಯ ವಿಷಯ ಮುಂದುವರಿಯಲಿ.

ಹಳೇನಕ್ಷೆ

ವಾಪಸ್ ಬರುತ್ತೇನೆ. ಆ ಪ್ರತಿಭಟನೆಯ ಕಾಗದ ಕೊಟ್ಟ ಮೇಲೆ ಏನಾಯಿತು? ಕ್ಲೀವ್‌ಲ್ಯಾಂಡ್ ಅವಳ ಕಡೆ ಇದ್ದ ಅಂದಿರಲ್ಲ, ಮತ್ತೆ ಯಾಕೆ ಕೂರಿಸಲಿಲ್ಲ?

ವಕೀಲರ_ಓಣಿ

ಮೊದಲು ಕೇಸು ಚೆನ್ನಾಗಿಯೇ ನಡೆಯಿತು. ಕ್ಲೀವ್‌ಲ್ಯಾಂಡ್ 1893ರ ಮಾರ್ಚ್‌ನಲ್ಲಿ ಅಧಿಕಾರಕ್ಕೆ ಬಂದವನೇ ಹವಾಯಿಯನ್ನು ಸೇರಿಸಿಕೊಳ್ಳುವ ಒಪ್ಪಂದವನ್ನು ಸೆನೆಟ್‌ನಿಂದ ವಾಪಸ್ ತಗೊಂಡ. ಜೇಮ್ಸ್ ಬ್ಲೌಂಟ್ ಅನ್ನೋನನ್ನು ವಿಚಾರಣೆಗೆ ಕಳಿಸಿದ. ಬ್ಲೌಂಟ್ ಬಂದು ಮಾಡಿದ ಮೊದಲ ಕೆಲಸ, ಸ್ಟೀವನ್ಸ್ ಏರಿಸಿದ್ದ ಅಮೆರಿಕದ ಬಾವುಟ ಇಳಿಸಿ ಸೈನಿಕರನ್ನು ಹಡಗಿಗೆ ಕಳಿಸಿದ್ದು. ಅವನ ವರದಿ ರಾಣಿಯ ಮಾತನ್ನೇ ಎತ್ತಿಹಿಡಿಯಿತು. ಸೈನಿಕರು ಬೀಡುಬಿಟ್ಟದ್ದು ಅಮೆರಿಕನ್ನರ ಮನೆ, ಅಂಗಡಿ ಕಾಯುವ ಜಾಗದಲ್ಲಲ್ಲ. ಸರ್ಕಾರಿ ಭವನದ ಪಕ್ಕದಲ್ಲಿ, ಅರಮನೆಗೆ ಕಾಣುವ ಹಾಗೆ. ಠಾಣೆ, ಸೇನಾ ಬಿಡಾರ ರಾಣಿಯ ಕೈಯಲ್ಲಿ ಇದ್ದಾಗಲೇ ಸ್ಟೀವನ್ಸ್ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿದ್ದ.

ಕ್ಲೀವ್‌ಲ್ಯಾಂಡ್ ಒಂದು ಷರತ್ತು ಹಾಕಿದ. ಮತ್ತೆ ಕೂರಿಸುತ್ತೇವೆ, ಆದರೆ ದಂಗೆ ಎದ್ದವರನ್ನೆಲ್ಲ ಕ್ಷಮಿಸಬೇಕು. ನವೆಂಬರ್‌ನಲ್ಲಿ ಹೊಸ ರಾಯಭಾರಿ ವಿಲ್ಲಿಸ್ ಕೇಳಿದಾಗ ರಾಣಿ ಒಪ್ಪಲಿಲ್ಲ. ನಮ್ಮ ಕಾನೂನಿನಲ್ಲಿ ರಾಜದ್ರೋಹಕ್ಕೆ ಮರಣದಂಡನೆ ಇದೆ ಅಂದಳು. ವಿಲ್ಲಿಸ್ ತನ್ನ ವರದಿಯಲ್ಲಿ 'ತಲೆ ಕಡಿಸುತ್ತೇನೆ ಅಂದಳು' ಅಂತ ಬರೆದ. ತಾನು ಆ ಮಾತು ಆಡಿಲ್ಲ ಅಂತ ಕೊನೆಯವರೆಗೂ ಹೇಳಿದಳು. ಹವಾಯಿಯಲ್ಲಿ ಆಗ ಇದ್ದದ್ದು ಗಲ್ಲು, ತಲೆ ಕಡಿಯುವುದಲ್ಲ. ಆದರೆ ಪತ್ರಿಕೆಗಳಿಗೆ ಅಷ್ಟು ಸಾಕಾಯಿತು.

ಡಿಸೆಂಬರ್ 18ಕ್ಕೆ ಕ್ಷಮೆಗೆ ಒಪ್ಪಿ ಬರೆದುಕೊಟ್ಟಳು. ಡಿಸೆಂಬರ್ 23ಕ್ಕೆ ಡೋಲ್ ಉತ್ತರ ಕೊಟ್ಟ: ನಮ್ಮ ದೇಶದ ಒಳಗಿನ ವಿಷಯದಲ್ಲಿ ತಲೆಹಾಕಲು ಅಮೆರಿಕಕ್ಕೆ ಹಕ್ಕಿಲ್ಲ! ಅಮೆರಿಕದ ಸೈನಿಕರ ನೆರಳಲ್ಲಿ ಕುರ್ಚಿ ಹತ್ತಿದವನ ಬಾಯಲ್ಲಿ ಈ ಮಾತು. ಕ್ಲೀವ್‌ಲ್ಯಾಂಡ್ ಬಲ ಬಳಸಲು ತಯಾರಿರಲಿಲ್ಲ. ವಿಷಯವನ್ನು ಸಂಸತ್ತಿಗೆ ದಾಟಿಸಿ ಕೈತೊಳೆದುಕೊಂಡ. 1894ರ ಜುಲೈ 4ರಂದು ಡೋಲ್ ಹವಾಯಿ ಗಣರಾಜ್ಯ ಅಂತ ಘೋಷಿಸಿದ.

ನೇರಮಾತು

ನವೆಂಬರ್‌ನಲ್ಲೇ ಹೂಂ ಅಂದಿದ್ದರೆ? ಒಂದು ತಿಂಗಳು ಕಳೆದುಕೊಂಡಳು. ಆ ತಿಂಗಳಲ್ಲಿ ಡೋಲ್ ಕಡೆಯವರು ಮರಳಿನ ಮೂಟೆ ಪೇರಿಸಿಕೊಂಡು ಗಟ್ಟಿ ಆದರು.

ಸೂಜಿದಾರ

ಒಂದು ತಿಂಗಳು ಮೊದಲೇ ಒಪ್ಪಿದ್ದರೂ ಡೋಲ್ ಕುರ್ಚಿ ಬಿಡುತ್ತಿದ್ದ ಅಂತ ನಿಮಗೆ ನಿಜವಾಗಿ ಅನ್ನಿಸುತ್ತಾ? ನನಗಂತೂ ಇಲ್ಲ.

1895ರ ಕಥೆ ನಾನು ಹೇಳುತ್ತೇನೆ. ಜನವರಿಯಲ್ಲಿ ರಾಬರ್ಟ್ ವಿಲ್ಕಾಕ್ಸ್ ಮುಂದಾಳತ್ವದಲ್ಲಿ ರಾಣಿಯ ಕಡೆಯವರು ದಂಗೆ ಎದ್ದರು. ಕೆಲವೇ ದಿನದಲ್ಲಿ ಮುರಿದುಬಿತ್ತು. ವಾಷಿಂಗ್ಟನ್ ಪ್ಲೇಸ್ ತೋಟದಲ್ಲಿ ಹೂತಿಟ್ಟ ಬಂದೂಕುಗಳು ಸಿಕ್ಕವು. ಜನವರಿ 16ರಂದು ರಾಣಿಯನ್ನು ಹಿಡಿದರು. ಸಹಿ ಹಾಕದಿದ್ದರೆ ನಿಮ್ಮ ಕಡೆಯವರಿಗೆ ಗಲ್ಲು ಅಂತ ಹೇಳಿ 24ರಂದು ಪದತ್ಯಾಗದ ಪತ್ರ ಮುಂದಿಟ್ಟರು. 'ಲಿಲಿಯುವೊಕಲಾನಿ ಡೊಮಿನಿಸ್' ಅಂತ ಸಹಿ ಮಾಡಿ ಅಂದರು. ಹಾಗೊಂದು ಹೆಸರಿನವಳು ಎಂದೂ ಇರಲಿಲ್ಲ ಅಂತ ಮುಂದೆ ಬರೆದರು. ರಾಣಿಯಾಗಿ ಬರೀ ಲಿಲಿಯುವೊಕಲಾನಿ, ಮದುವೆಯ ಹೆಸರು ಬೇರೆ.

ವಿಚಾರಣೆ ನಡೆದದ್ದು ಅವರದ್ದೇ ಸಿಂಹಾಸನದ ಕೋಣೆಯಲ್ಲಿ, ಸೇನಾ ನ್ಯಾಯಮಂಡಳಿ ಮುಂದೆ. ಆರೋಪ: ಸಂಚು ಗೊತ್ತಿದ್ದೂ ತಿಳಿಸಲಿಲ್ಲ. ಶಿಕ್ಷೆ 5 ವರ್ಷ ಕಠಿಣ ಸಜೆ, 5,000 ಡಾಲರ್ ದಂಡ. ಕೊನೆಗೆ ಅರಮನೆಯ ಮಹಡಿಯ ಮೂಲೆ ಕೋಣೆಯಲ್ಲೇ ಕೂಡಿಹಾಕಿದರು, ಸೆಪ್ಟೆಂಬರ್ 6ರವರೆಗೆ. ಮೊದಮೊದಲು ಪತ್ರಿಕೆ ಓದಲೂ ಬಿಡಲಿಲ್ಲ. ಆದರೆ ಜೊತೆಗಿದ್ದ ಗೆಳತಿ ಎವ್ಲಿನ್ ವಿಲ್ಸನ್ ಅವರ ಮಗ ತೋಟದ ಹೂವು ತರುತ್ತಿದ್ದ. ಹೂವು ಸುತ್ತಿದ್ದು ಪತ್ರಿಕೆಯ ಹಾಳೆಯಲ್ಲಿ! ಹೂವು ಬಿಚ್ಚಿಟ್ಟು ಸುದ್ದಿ ಓದುತ್ತಿದ್ದರು.

ನಾನು ಹೊನೊಲುಲುವಿಗೆ ಮಗಳ ಜೊತೆ ಹೋದಾಗ ಆ ಕೋಣೆ ನೋಡಿದೆ. ಅರಮನೆಯ ನೆಲ ಸವೆಯಬಾರದು ಅಂತ ಚಪ್ಪಲಿ ಮೇಲೆ ಬಟ್ಟೆಯ ಚೀಲ ತೊಡಿಸುತ್ತಾರೆ. ಕೆಳಗಿನ ಕೋಣೆಗಳಲ್ಲಿ ಥಳಥಳ. ಆ ಕೋಣೆಯಲ್ಲಿ ಮುಖ್ಯವಾಗಿ ಇರೋದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಒಂದು ಕೌದಿ. ಸೆರೆಯಲ್ಲಿದ್ದಾಗ ಗೆಳತಿಯ ಜೊತೆ ಹೊಲಿಯಲು ಶುರುಮಾಡಿದ್ದು. ರೇಷ್ಮೆ ತುಂಡು, ರಿಬ್ಬನ್ನು, ವೆಲ್ವೆಟ್ಟು, ಏನು ಸಿಕ್ಕಿತೋ ಅದು. ಒಂದು ತುಂಡಿನ ಹಾಗೆ ಇನ್ನೊಂದಿಲ್ಲ. ಒಟ್ಟು ಒಂಬತ್ತು ಚೌಕ. ನಡುವಿನ ಚೌಕದಲ್ಲಿ ಹವಾಯಿಯ ಬಾವುಟಗಳು. ಕಸೂತಿಯಲ್ಲಿ ಹೆಸರುಗಳು, ತಾರೀಕುಗಳು: ಪಟ್ಟಕ್ಕೆ ಬಂದದ್ದು, ಇಳಿಸಿದ್ದು, ಸೆರೆ ಹಾಕಿದ್ದು. ನಾನು ಕೌದಿ ಹೊಲಿಯುವವಳು. ಹೊಲಿಗೆಯ ಬಿಗಿ ಎಲ್ಲ ಕಡೆ ಒಂದೇ ಥರ ಇಲ್ಲ. ಬೇರೆ ಬೇರೆ ಕೈ ಅಂತ ನೋಡಿದರೆ ಗೊತ್ತಾಗುತ್ತೆ. ಮಗಳು ಮುಂದೆ ಹೋಗೋಣ ಅಂತ ಎರಡು ಸಲ ಕರೆದಳು, ನಾನು ಕದಲಲಿಲ್ಲ.

ಅದೇ ಕೋಣೆಯಲ್ಲಿ 'ಕುಮುಲಿಪೊ' ಅನ್ನೋ ಹವಾಯಿಯ ಸೃಷ್ಟಿ ಕಾವ್ಯವನ್ನು ಇಂಗ್ಲಿಷಿಗೆ ತರುವ ಕೆಲಸವನ್ನೂ ಮಾಡಿದರು. 1897ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾಯಿತು.

ಕಬ್ಬಿನಗದ್ದೆ

ಒಂದು ಸಣ್ಣ ಸಂಗತಿ. 1893ರ ಆ ದಿನ ಗುಂಡೇ ಹಾರಲಿಲ್ಲ ಅನ್ನೋ ಹಾಗಿಲ್ಲ. ಸಮಿತಿಯವರು ಗಾಡಿಯಲ್ಲಿ ಬಂದೂಕು ಸಾಗಿಸುತ್ತಿದ್ದಾಗ ಲೇಯಲೋಹಾ ಅನ್ನೋ ಪೊಲೀಸಿನವನು ತಡೆಯಲು ಹೋಗಿ ಭುಜಕ್ಕೆ ಗುಂಡು ತಿಂದ. ಬದುಕಿದ. ಸದ್ದು ಕೇಳಿ ಪೊಲೀಸರೂ ಜನರೂ ಆ ಕಡೆ ಓಡಿದರು. ಆ ಗಲಾಟೆಯಲ್ಲೇ ಸಮಿತಿಯವರು ಸರ್ಕಾರಿ ಭವನಕ್ಕೆ ನಡೆದುಕೊಂಡು ಹೋಗಿ ಘೋಷಣೆ ಓದಿದರು. ಕೇಳುವುದಕ್ಕೆ ಇದ್ದವರು ಬೆರಳೆಣಿಕೆ.

ಹಳೇನಕ್ಷೆ

ಎಲ್ಲರಿಗೂ ಥ್ಯಾಂಕ್ಸ್. ನೇರಮಾತು ಅವರ 'ಕೇಸು ಸೋತಿತಲ್ಲ' ಅನ್ನೋ ಮಾತು ಮಾತ್ರ ತಲೆಯಲ್ಲೇ ಉಳಿದಿದೆ. 1898ರಲ್ಲಿ ಕೊನೆಗೂ ಅಮೆರಿಕ ಸೇರಿಸಿಕೊಂಡಿತಲ್ಲ.

ವಕೀಲರ_ಓಣಿ

ಸೇರಿಸಿಕೊಂಡಿತು. ಆದರೆ ಒಪ್ಪಂದದಿಂದ ಅಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ.

1897ರ ಜೂನ್ 16ರಂದು ಅಧ್ಯಕ್ಷ ಮೆಕಿನ್ಲಿ ಸರ್ಕಾರ ಹವಾಯಿ ಸೇರ್ಪಡೆಯ ಒಪ್ಪಂದಕ್ಕೆ ಸಹಿ ಹಾಕಿತು. ರಾಣಿ ಆಗ ವಾಷಿಂಗ್ಟನ್ನಿನಲ್ಲೇ ಇದ್ದಳು. ಮಾರನೇ ದಿನವೇ ಬರವಣಿಗೆಯಲ್ಲಿ ತಕರಾರು ಸಲ್ಲಿಸಿದಳು. ಅತ್ತ ದ್ವೀಪಗಳಲ್ಲಿ ಹುಯಿ ಅಲೋಹಾ ಆಯಿನಾ ಅನ್ನೋ ಸಂಘದವರು, ಅದರಲ್ಲಿ ಹೆಂಗಸರದ್ದೇ ಬೇರೆ ಶಾಖೆ ಇತ್ತು, ಹಳ್ಳಿ ಹಳ್ಳಿ ತಿರುಗಿ ಸಹಿ ಹಾಕಿಸಿದರು. ಒಟ್ಟು 21,269 ಸಹಿ, 556 ಪುಟ. ಹವಾಯಿ ಮೂಲದ ಜನರ ಸಂಖ್ಯೆಯೇ ಆಗ ಸುಮಾರು 40,000, ಮಕ್ಕಳೂ ಸೇರಿ. ಹಾಳೆಗಳಲ್ಲಿ ಗಂಡಸರದ್ದು ಹೆಂಗಸರದ್ದು ಬೇರೆ ಬೇರೆ, ಹೆಸರಿನ ಮುಂದೆ ವಯಸ್ಸು.

ನಾಲ್ಕು ಜನ ಪ್ರತಿನಿಧಿಗಳು ಅದನ್ನು ಹೊತ್ತು ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಮುಟ್ಟಿದರು. ರಾಣಿ ಜೊತೆ ಕೂತು ಮುಂದಿನ ಹೆಜ್ಜೆ ಲೆಕ್ಕ ಹಾಕಿದರು. ಒಬ್ಬೊಬ್ಬ ಸೆನೆಟರನ್ನೂ ಕಂಡರು. ಒಪ್ಪಂದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕು. ಇವರು ವಾಪಸ್ ಹೊರಡುವ ಹೊತ್ತಿಗೆ ಪರವಾಗಿ ಉಳಿದದ್ದು 46 ಮತ. ಒಪ್ಪಂದ ಸತ್ತಿತು.

ಕೆಲವೇ ತಿಂಗಳಿಗೆ ಸ್ಪೇನ್ ಜೊತೆ ಯುದ್ಧ ಬಂತು. ಫಿಲಿಪ್ಪೀನ್ಸ್‌ಗೆ ಹೋಗುವ ಹಡಗುಗಳಿಗೆ ದಾರಿಯಲ್ಲಿ ಕಲ್ಲಿದ್ದಲು ತುಂಬಲು ಹವಾಯಿ ಬೇಕಾಯಿತು. ಎರಡೂ ಸದನಗಳ ಜಂಟಿ ನಿರ್ಣಯ ಅಂತ ಮಾಡಿ, ಸಾಮಾನ್ಯ ಬಹುಮತದಲ್ಲಿ 1898ರ ಜುಲೈನಲ್ಲಿ ಮುಗಿಸಿಬಿಟ್ಟರು. ಬೇರೆ ದೇಶವನ್ನು ತನ್ನ ಮನೆಯ ನಿರ್ಣಯದಿಂದ ಸೇರಿಸಿಕೊಳ್ಳಬಹುದಾ ಅನ್ನೋ ವಾದ ಇವತ್ತಿಗೂ ನಡೆಯುತ್ತಿದೆ. ಆಗಸ್ಟ್ 12ರಂದು ಇಯೊಲಾನಿ ಅರಮನೆಯ ಮೇಲೆ ಬಾವುಟ ಬದಲಾಯಿಸುವ ಸಮಾರಂಭಕ್ಕೆ ರಾಣಿ ಹೋಗಲಿಲ್ಲ.

ಆ 556 ಪುಟಗಳು ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಬಿದ್ದಿದ್ದವು. 1990ರ ದಶಕದಲ್ಲಿ ನೊಯೆನೊಯೆ ಸಿಲ್ವಾ ಅನ್ನೋ ಸಂಶೋಧಕಿ ಹೊರಗೆ ತಂದರು. ಜನ ಅದರಲ್ಲಿ ತಮ್ಮ ಮುತ್ತಜ್ಜ ಮುತ್ತಜ್ಜಿಯರ ಹೆಸರು ಹುಡುಕಿದರು. ಅದಕ್ಕೂ ಮೊದಲು, 1993ರ ನವೆಂಬರ್‌ನಲ್ಲಿ, ಅಮೆರಿಕದ ಸಂಸತ್ತು ಕ್ಷಮಾಪಣೆಯ ನಿರ್ಣಯ ಮಾಡಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ್ದ. ಆ ನಿರ್ಣಯದಲ್ಲಿ ರಾಣಿಯ 1893ರ ಕಾಗದದ ಮಾತುಗಳು ಹಾಗೆ ಹಾಗೇ ಇವೆ.

ನೇರಮಾತು

ಕ್ಷಮೆ ಕೇಳಿದರು ಸರಿ. ಜಮೀನು?

ವಕೀಲರ_ಓಣಿ

ಇಲ್ಲ. ಸುಮಾರು 10 ಲಕ್ಷ ಎಕರೆ ಸಿಂಹಾಸನದ ಜಮೀನಿಗೆ ರಾಣಿಯೇ ದಾವೆ ಹಾಕಿದ್ದಳು. 1910ರಲ್ಲಿ ಅಮೆರಿಕದ ಕ್ಲೇಮ್ಸ್ ನ್ಯಾಯಾಲಯ ವಜಾ ಮಾಡಿತು. ಜಮೀನು ಸಿಂಹಾಸನದ್ದು, ವ್ಯಕ್ತಿಯದ್ದಲ್ಲ, ಸಿಂಹಾಸನವೇ ಈಗ ಇಲ್ಲ ಅಂತ. ಕ್ಷಮಾಪಣೆಯ ನಿರ್ಣಯದಲ್ಲೂ ಒಂದು ಎಕರೆ ವಾಪಸ್ ಕೊಡುವ ಮಾತಿಲ್ಲ.

ಕಾಫಿಪುಡಿ

ರಾಣಿಗೆ ಕೊನೆಗೆ ಏನೂ ಉಳಿಯಲಿಲ್ಲವಾ?

ಸೂಜಿದಾರ

ಸ್ವಂತ ಆಸ್ತಿ ಸ್ವಲ್ಪ ಇತ್ತು. 1909ರಲ್ಲೇ ಅದನ್ನು ಒಂದು ಟ್ರಸ್ಟಿಗೆ ಬರೆದರು, ಹವಾಯಿಯ ಅನಾಥ ಮಕ್ಕಳಿಗೆ ಅಂತ. ಟ್ರಸ್ಟ್ ಈಗಲೂ ನಡೆಯುತ್ತಿದೆ. ಅದರ ಜಮೀನು ವೈಕಿಕಿಯಲ್ಲೂ ಇದೆ, ಕೋನಾದಲ್ಲೂ ಇದೆ. ರಾಣಿ ತೀರಿಕೊಂಡದ್ದು 1917ರ ನವೆಂಬರ್ 11, ವಾಷಿಂಗ್ಟನ್ ಪ್ಲೇಸ್ ಮನೆಯಲ್ಲಿ. 79 ವರ್ಷ. ವಾರಸುದಾರಳು ಅಂತ ಹೆಸರಿಸಿದ್ದ ಅಕ್ಕ... ಅಲ್ಲ, ತಂಗಿಯ ಮಗಳು ಕಾಯುಲಾನಿ 1899ರಲ್ಲೇ, 23ನೇ ವಯಸ್ಸಿಗೆ ಹೋಗಿದ್ದಳು.

ನೇರಮಾತು

ವಕೀಲರೇ, ಸಹಿಗಳ ಲೆಕ್ಕ ಕೇಳಿದ ಮೇಲೆ ಕೇಸು ಸೋತಿತು ಅನ್ನೋ ಮಾತನ್ನು ಅರ್ಧ ವಾಪಸ್ ತಗೊಳ್ಳುತ್ತೇನೆ. ಜನವರಿ 14ರ ವಿಷಯದಲ್ಲಿ ಮಾತ್ರ ನನ್ನ ಮಾತು ನನ್ನದೇ. ಮಂತ್ರಿಗಳನ್ನು ಗಟ್ಟಿ ಮಾಡಿಕೊಳ್ಳದೆ ಆ ಕರಡನ್ನು ಹೊರಗೆ ತೆಗೆಯಬಾರದಿತ್ತು.

ವಕೀಲರ_ಓಣಿ

ಅದಕ್ಕೆ ಬೇರೆ ಎಳೆ ತೆರೆಯಿರಿ, ಬರುತ್ತೇನೆ. ಆ ನಾಲ್ಕು ಮಂತ್ರಿಗಳ ಬಗ್ಗೆ ಹೇಳುವುದು ಜಾಸ್ತಿ ಇದೆ.